ಚಿತ್ರಕಥೆಯಲ್ಲಿ ಬರಹಗಾರರ ದನಿ ಎಲ್ಲಿರುತ್ತೆ? ಒಂದು ದೃಶ್ಯ ಬಿಚ್ಚಿ ನೋಡೋಣ

ಕರಡು_ಮೂರು

ಹೊಸಬರ ಚಿತ್ರಕಥೆ ಓದಿದವರು ಹೆಚ್ಚಾಗಿ ಹೇಳೋ ಮಾತು: "ಚೆನ್ನಾಗಿದೆ, ಆದ್ರೆ ಇದನ್ನ ಯಾರು ಬೇಕಾದ್ರೂ ಬರೆದಿರಬಹುದು." ಅದನ್ನ ಕೇಳಿದ ತಕ್ಷಣ ಎಲ್ಲರೂ ಸಂಭಾಷಣೆಗೆ ಕೈ ಹಾಕ್ತಾರೆ. ಎರಡು ಪಂಚ್, ಒಂದು ಗಾದೆ ಸೇರಿಸ್ತಾರೆ. ನಮ್ಮ ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಅಂತ ಬೇರೆ ಬೇರೆ ಹೆಸರು ಬರೋ ರೂಢಿ ಇರೋದ್ರಿಂದ ದನಿ ಅನ್ನೋದು ಸಂಭಾಷಣೆ ಬರೆಯೋರ ಜವಾಬ್ದಾರಿ ಅನ್ನೋ ಭಾವನೆ ಬೇರೂರಿಬಿಟ್ಟಿದೆ. ನನ್ನ ವಾದ ಬೇರೆ. ಯಾರೂ ಮಾತಾಡದ ಸಾಲುಗಳಲ್ಲೇ ದನಿ ಮೊದಲು ಕೇಳಿಸಬೇಕು: ಏನು ತೋರಿಸ್ತೀವಿ, ಯಾವುದಾದ ಮೇಲೆ ಯಾವುದು, ಏನನ್ನ ಬಿಡ್ತೀವಿ. ಅಲ್ಲಿ ಇಲ್ಲದ್ದು ಸಂಭಾಷಣೆಯಲ್ಲಿ ಬರಲ್ಲ.

ಚರ್ಚೆಗೆ ಅನುಕೂಲ ಆಗ್ಲಿ ಅಂತ ಬೇಕಂತಲೇ ಸಪ್ಪೆಯಾಗಿ ಬರೆದ ಒಂದು ದೃಶ್ಯ ಇಡ್ತೀನಿ. ಜಾಗ ಮಂಡ್ಯ ಕಡೆಯ ಹಳ್ಳಿ.

*ಒಳಾಂಗಣ. ಹಳೆ ಮನೆಯ ಪಡಸಾಲೆ. ಬೆಳಿಗ್ಗೆ.*
*ಹತ್ತು ವರ್ಷಗಳ ಹಿಂದೆ ಮನೆ ಬಿಟ್ಟು ಹೋಗಿದ್ದ ಕಿರಿಯ ಮಗ ರಮೇಶ ಆಸ್ತಿಯ ವಿಭಾಗ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದಿರುತ್ತಾನೆ. ಅಣ್ಣ ಶಿವಣ್ಣ ಒಳಗೊಳಗೇ ಕುದಿಯುತ್ತಾ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಅತ್ತಿಗೆ ಕಾಫಿ ತರುತ್ತಾಳೆ. ವಾತಾವರಣ ಬಿಗುವಾಗಿರುತ್ತದೆ.*
*ಶಿವಣ್ಣ: ಹತ್ತು ವರ್ಷ ಆದ್ಮೇಲೆ ಈಗ ನೆನಪಾಯ್ತಾ ಈ ಮನೆ? ಅಪ್ಪ ಸತ್ತಾಗಲೂ ನೀನು ಬರಲಿಲ್ಲ!*
*ರಮೇಶ: ಅಣ್ಣಾ, ನನ್ನ ಪರಿಸ್ಥಿತಿ ನಿನಗೆ ಅರ್ಥ ಆಗಲ್ಲ. ನನಗೆ ನನ್ನ ಪಾಲು ಬೇಕು, ಅಷ್ಟೆ.*

ವ್ಯಾಕರಣದ ತಪ್ಪಿಲ್ಲ, ಕಥೆಯೂ ತಿಳಿಯುತ್ತೆ. ಆದರೂ ಇದಕ್ಕೆ ಮುಖ ಇಲ್ಲ. ಯಾಕೆ?

ಎಡಿಟ್_ಟೇಬಲ್

ಮೊದಲ ವಾಕ್ಯದಿಂದಲೇ ಹಿಡಿಯೋಣ. "ಹತ್ತು ವರ್ಷಗಳ ಹಿಂದೆ ಮನೆ ಬಿಟ್ಟು ಹೋಗಿದ್ದ ಕಿರಿಯ ಮಗ ರಮೇಶ." ಕನ್ನಡದಲ್ಲಿ ವಿಶೇಷಣ ಹೆಸರಿಗಿಂತ ಮುಂಚೆ ಬರುತ್ತದೆ, ಎಷ್ಟು ಉದ್ದ ಬೇಕಾದರೂ ಎಳೆಯಬಹುದು. "ಬಿಟ್ಟುಹೋಗಿದ್ದ", "ಪ್ರೀತಿಸುತ್ತಿದ್ದ", "ಮೋಸಹೋದ" ಎಂಬಂಥ ಪದಗಳ ಹಿಂದೆ ಇಡೀ ಫ್ಲ್ಯಾಶ್‌ಬ್ಯಾಕ್ ಅಡಗಿರುತ್ತದೆ. ಬರೆದವರಿಗೆ ಅದು ಗೊತ್ತು, ಓದಿದವರಿಗೂ ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಬಾಗಿಲಲ್ಲಿ ನಿಂತ ಒಬ್ಬ ಗಂಡಸು ಮಾತ್ರ. ಕರಡು ಮುಗಿದ ಮೇಲೆ ಹೆಸರುಗಳ ಹಿಂದೆ ಬಂದ ಇಂಥ ಪ್ರತಿ ವಿಶೇಷಣಕ್ಕೂ ಕೆಂಪು ಗೆರೆ ಎಳೆಯಿರಿ. ಇದು ತೆರೆಯ ಮೇಲೆ ಎಲ್ಲಿ, ಯಾವ ವಸ್ತುವಿನಲ್ಲಿ, ಯಾವ ಕ್ರಿಯೆಯಲ್ಲಿ ಕಾಣುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಇದ್ದರೆ ಆ ವಸ್ತುವನ್ನೇ ಬರೆಯಿರಿ. ಇಲ್ಲದಿದ್ದರೆ ಹೊಡೆದುಹಾಕಿ.

ಎರಡನೆಯದು "ಬಂದಿರುತ್ತಾನೆ, ಕುಳಿತಿರುತ್ತಾನೆ, ಬಿಗುವಾಗಿರುತ್ತದೆ". ನಮ್ಮ ಚಿತ್ರಕಥೆಗಳಲ್ಲಿ ಈ "ಇರುತ್ತಾನೆ" ಎಲ್ಲೆಲ್ಲೂ ಇದೆ. ದಿನಾ ನಡೆಯುವ ಸಂಗತಿಯನ್ನು ವರದಿ ಮಾಡುವ ರೂಪ ಇದು. ಈ ಕ್ಷಣ ಕಣ್ಣೆದುರು ನಡೆಯುತ್ತಿದೆ ಅನ್ನಿಸುವುದಿಲ್ಲ. "ಕುಳಿತಿದ್ದಾನೆ" ಎಂದರೆ ಈಗ. "ಕೂರುತ್ತಾನೆ" ಎಂದರೆ ಕಣ್ಣೆದುರೇ ನಡೆಯುವ ಕ್ರಿಯೆ. ಮೂರಕ್ಕೂ ಶಾಟ್ ಬೇರೆ.

ಮೂರನೆಯದು ಲಯ. ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ ಹತ್ತು ಸಾಲು ಬರೆದರೆ ಹತ್ತೂ "ತ್ತಾನೆ, ತ್ತಾಳೆ" ಎಂದೇ ಮುಗಿಯುತ್ತವೆ. ಪುಟದ ಬಲಗಡೆ ಒಂದೇ ಸದ್ದು. ತಪ್ಪಿಸುವ ದಾರಿ ನಮ್ಮ ಭಾಷೆಯಲ್ಲೇ ಇದೆ. ಕ್ರಿಯಾಪದವೇ ಇಲ್ಲದ ವಾಕ್ಯ ನಮಗೆ ಸಹಜ: "ಗೋಡೆಯಲ್ಲಿ ಅಪ್ಪನ ಫೋಟೊ. ಹಾರ." ಕರ್ತೃವನ್ನೂ ಬಿಡಬಹುದು, "ಏಳುತ್ತಾಳೆ" ಅಂದರೆ ಯಾರೆಂದು ಗೊತ್ತಾಗುತ್ತದೆ. 1979ರ 'ಏಲಿಯನ್' ಚಿತ್ರದ ಕರಡಿನಲ್ಲಿ ವಾಲ್ಟರ್ ಹಿಲ್ ಒಂದೆರಡು ಪದಗಳ ಸಾಲುಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿದ ಶೈಲಿಯನ್ನು ಇಂಗ್ಲಿಷಿನಲ್ಲಿ ಬಹಳ ಜನ ಅನುಕರಿಸಿದರು. ಕನ್ನಡದಲ್ಲಿ ಅಷ್ಟು ಚಿಕ್ಕದಾಗಿ ಬರೆಯಲು ಭಾಷೆಯನ್ನು ಹಿಂಡಬೇಕಿಲ್ಲ, ಒಂದೇ ಪದ ಪೂರ್ತಿ ವಾಕ್ಯವಾಗಿ ನಿಲ್ಲುತ್ತದೆ. ಆದರೆ ಎರಡು ಪುಟ ಅದನ್ನೇ ಎಳೆದರೆ ಟೆಲಿಗ್ರಾಂ ಆಗುತ್ತದೆ. ನಡುನಡುವೆ "ಎದ್ದು, ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ಒಳಗೆ ಹೋಗುತ್ತಾಳೆ" ಎನ್ನುವಂಥ ಉದ್ದನೆಯ ಸಾಲು ಬರಬೇಕು. ಅಂಥ ಸಾಲು ಓದುವಾಗಲೇ ಕಟ್ ಇಲ್ಲದ ಒಂದು ಶಾಟ್ ಎಂದು ಕಣ್ಣಿಗೆ ಕಟ್ಟುತ್ತದೆ.

ಕರಡು_ಮೂರು

ಹಾಗಾದ್ರೆ ಅದೇ ದೃಶ್ಯ, ಎಡಿಟ್ ಸರ್ ಹೇಳಿದ ಹಾಗೆ:

*ಪಡಸಾಲೆ. ಬೆಳಿಗ್ಗೆ.*
*ಬಾಗಿಲ ಹೊರಗೆ ಮಣ್ಣು ಮೆತ್ತಿದ ಹವಾಯಿ ಚಪ್ಪಲಿ. ಪಕ್ಕದಲ್ಲಿ ಪಾಲಿಶ್ ಹಾಕಿದ ಬೂಟು.*
*ರಮೇಶ (32), ಸಾಕ್ಸ್ ಕಾಲಲ್ಲಿ, ಹೊಸಲು ದಾಟದೆ ನಿಂತಿದ್ದಾನೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.*
*ಗೋಡೆಯಲ್ಲಿ ಅಪ್ಪನ ಫೋಟೊ. ಹಾರ. ರಮೇಶ ಇದನ್ನು ಮೊದಲ ಸಲ ನೋಡುತ್ತಿದ್ದಾನೆ.*
*ಶಿವಣ್ಣ (45) ಪೇಪರಿನಿಂದ ತಲೆ ಎತ್ತುವುದಿಲ್ಲ.*
*ಶಿವಣ್ಣ (ಒಳಗಿದ್ದ ಹೆಂಡತಿಗೆ): ಬಂದೋರ್ಗೆ ಕುರ್ಚಿ ಹಾಕಮ್ಮಿ.*
*ರಮೇಶ: ಚಾಪೆ ಸಾಕು ಬುಡಿ ಅತ್ಗೆ.*
*ಕುರ್ಚಿ ಬರುತ್ತದೆ.*

ಹತ್ತು ವರ್ಷದ ಮಾತಿಲ್ಲ, ಅಪ್ಪನ ಸಾವಿನ ಮಾತಿಲ್ಲ, ಪಾಲು ಅನ್ನೋ ಪದವೂ ಇಲ್ಲ. ಆದ್ರೆ ಮೂರೂ ಅಲ್ಲೇ ಇವೆ.

ಕ್ಲಾಪ್_ಬೋರ್ಡ್

"ಮೊದಲ ಸಲ ನೋಡುತ್ತಿದ್ದಾನೆ" ಅನ್ನೋದು ಕ್ಯಾಮೆರಾಕ್ಕೆ ಕಾಣೋದಾ? ಎಡಿಟ್ ಅವರ ಲೆಕ್ಕದಲ್ಲಿ ಅದೂ ಹೋಗಬೇಕಲ್ಲ. ನಾನು ಉಳಿಸ್ತೀನಿ, ಕಾರಣ ಹೇಳ್ತೀನಿ. ಕ್ಯಾಮೆರಾದಲ್ಲಿ ಹಿಡಿಯಲಾಗದ ಸಾಲುಗಳಲ್ಲಿ ಎರಡು ಜಾತಿ. ಒಂದು ಮಾಹಿತಿ: "ಅವನು ಎಂಬಿಎ ಓದಿದವನು". ಇದನ್ನ ನಟ ಏನೂ ಮಾಡಕ್ಕಾಗಲ್ಲ. ಇನ್ನೊಂದು ನಟನಿಗೆ ಆ ಕ್ಷಣಕ್ಕೆ ಮಾಡೋಕೆ ಕೆಲಸ ಕೊಡೋದು. "ಮೊದಲ ಸಲ ನೋಡುತ್ತಿದ್ದಾನೆ" ಅಂದ್ರೆ ನಟನ ಕಣ್ಣು ಫೋಟೊ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ತೀರ್ಮಾನ ಆಗುತ್ತೆ, ಎಡಿಟರ್‌ಗೂ ಅಷ್ಟು ಫ್ರೇಮ್ ಸಿಗುತ್ತೆ. ಇಂಥ ಸಾಲು ಪುಟಕ್ಕೆ ಒಂದು ಇರಲಿ. ಮೂರಾದ್ರೆ ಕಾದಂಬರಿ.

ಸೆಟ್ ಕಡೆಯಿಂದ ಇನ್ನೊಂದು. "ಕ್ಯಾಮೆರಾ ನಿಧಾನವಾಗಿ ಝೂಮ್ ಆಗುತ್ತದೆ", "ಟಾಪ್ ಆ್ಯಂಗಲ್", "ಹಿನ್ನೆಲೆಯಲ್ಲಿ ವಯಲಿನ್" ಅಂತ ಬರೆಯೋದರಿಂದ ದನಿ ಬರಲ್ಲ. ಅದನ್ನ ಛಾಯಾಗ್ರಾಹಕರು ಓದೋದೇ ಇಲ್ಲ, ಓದಿದ್ರೂ ಸೆಟ್ಟಿನಲ್ಲಿ ಬದಲಾಗುತ್ತೆ. ಒಂದು ವಸ್ತು ಒಂದು ಸಾಲಲ್ಲಿ ಒಂಟಿಯಾಗಿ ಬಂದ್ರೆ ಓದುವವರ ಕಣ್ಣಿಗೆ ಅದು ಕ್ಲೋಸಪ್ಪೇ. ಚಪ್ಪಲಿ-ಬೂಟಿನ ಸಾಲು ಅದನ್ನೇ ಮಾಡ್ತಿದೆ.

ಮಲಪ್ರಭಾ_ದಂಡಿ

ದೃಶ್ಯಾ ಛಲೋ ಆಗ್ಯದ ಕರಡು ಅವರ. ಆದ್ರ ಇದನ್ನ ನೋಡಿ ಯಾರರೆ "ಹಂಗಾದ್ರ ದನಿ ಅಂದ್ರ ಸೊಗಡು" ಅಂತ ತಿಳಕೋಬಾರದು, ಅದಕ್ಕ ಹೇಳ್ಲಿಕತ್ತೀನಿ.

ಇದನ್ನ ಧಾರವಾಡ ಕಡೆ ಇಟ್ಟು ಬರೀಬೇಕಂದ್ರ "ಐತೆ" ಇದ್ದಲ್ಲೆ "ಐತಿ" ಹಾಕಿದ್ರ ಮುಗೀತು ಅಂತ ಭಾಳ ಮಂದಿ ಅನ್ಕೊಂಡಾರ. ಒಂದ ಊರಾಗ ಒಂದು ಮನ್ಯಾಗ "ಅದ, ಮಾಡ್ಲಿಕತ್ತೀನಿ" ಅಂತಾರ, ಬಾಜೂ ಮನ್ಯಾಗ "ಐತಿ, ಮಾಡಾಕತ್ತೀನಿ" ಅಂತಾರ. ಎರಡೂ ಒಬ್ಬನ ಬಾಯಾಗ ಹಾಕಿದ್ರ ಊರವರಿಗೆ ತಕ್ಷಣ ಗೊತ್ತಾಗ್ತದ, ಬರದಾವ ಹೊರಗಿನಾವ ಅಂತ. ಎರಡನೇದು, ಕರಡು ಅವರ ದೃಶ್ಯದಾಗ ಅಣ್ಣ ತಮ್ಮಗ "ಬಂದೋರು" ಅಂದದ್ದು ಚುಚ್ಚತದ. ನಮ್ಮ ಕಡೆ "ಬರ್ರಿ, ಕುಂಡ್ರಿ" ಅನ್ನೂದು ಬಾಯಾಗ ಎಷ್ಟು ಸಲೀಸ ಬರತದ ಅಂದ್ರ, ಬರೇ "ರಿ" ಹಚ್ಚಿದ್ರ ಪೆಟ್ಟು ಬೀಳೂದಿಲ್ಲ. ಅಲ್ಲೆ ಪೆಟ್ಟು ಬೇರೆ ಕಡೆ ಹುಡುಕಬೇಕು. "ಊಟಾ ಮಾಡ್ಕೊಂಡ ಹೋಗು" ಅನ್ನೋ ಮಾತು ಅಣ್ಣನ ಬಾಯಿಂದ ಬರದನ ದೃಶ್ಯಾ ಮುಗದ್ರ, ನೋಡೋರಿಗೆ ತಿಳೀತದ. ಅಂದ್ರ ಸೀಮಿ ಬದಲಾದ್ರ ಬರೇ ಮಾತಲ್ಲ, ದೃಶ್ಯದ ಗುದ್ದು ಬೀಳೋ ಜಾಗಾನೂ ಬದಲಾಗ್ತದ.

2015ರಾಗ ಲೊಕಾರ್ನೊ ಚಿತ್ರೋತ್ಸವದಾಗ ಬಹುಮಾನ ಬಂದ 'ತಿಥಿ' ನೋಡ್ರಿ. ನಿರ್ದೇಶಕ ರಾಮ್ ರೆಡ್ಡಿ ಜೋಡಿ ಕೂತು ಬರದವರು ಈರೇಗೌಡರು. ಮಂಡ್ಯ ಜಿಲ್ಲಾದ ನೊದೆಕೊಪ್ಪಲು ಅವರದ ಊರು, ನಟಿಸಿದವರೂ ಆ ಕಡೆ ಹಳ್ಳಿ ಮಂದಿನ. ಅಲ್ಲೆ ಬೈಗುಳ, ಸಲಿಗಿ, ಸುಮ್ಮನಿರೂದು ಎಲ್ಲಾ ಒಂದ ಮಣ್ಣಿನಿಂದ ಎದ್ದದ. ಊರು ಗೊತ್ತಿಲ್ಲದಾವ ಸೊಗಡು ಬರೀಲಿಕ್ಕೆ ಹೋಗೂದಕ್ಕಿಂತ, ತನಗ ಗೊತ್ತಿದ್ದ ಮಾತಿನಾಗ ಬರದು, ಆ ಸೀಮಿಯವರೊಬ್ಬರ ಕೂಡ ಕೂತು ತಿದ್ದೂದು ಛಲೋ.

ಪಡುಗಡಲು

ಕರಾವಳಿಯದ್ದು ಒಂದು ವಿಷಯ ಸೇರಿಸ್ತೇನೆ. ಮಂಗಳೂರಿನ ಪಾತ್ರ ಅಂದ ಕೂಡಲೆ ಪ್ರತಿ ವಾಕ್ಯಕ್ಕೆ "ಎಂತ ಮಾರಾಯ" ಹಾಕುವುದು ಉಂಟು. ಅದು ಬೇಡ. ಅಲ್ಲಿ ತುಂಬಾ ಮನೆಗಳಲ್ಲಿ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಶಾಲೆಯಲ್ಲಿ, ಆಫೀಸಿನಲ್ಲಿ, ಗುರುತಿಲ್ಲದವರ ಹತ್ತಿರ. ಹಾಗಾಗಿ ಇದೇ ಅಣ್ಣ ತಮ್ಮ ತುಳು ಮನೆಯವರಾದರೆ "ಬಂದವರು" ಅಂತ ಹೇಳುವ ಅಗತ್ಯವೇ ಇಲ್ಲ. ತಮ್ಮ ತುಳುವಿನಲ್ಲಿ ಮಾತಾಡ್ತಾನೆ, ಅಣ್ಣ ಕನ್ನಡದಲ್ಲಿ ಉತ್ತರ ಕೊಡ್ತಾನೆ. ಅಷ್ಟೇ ಸಾಕು, ಹೊರಗಿನವನು ಅಂತ ಆಯ್ತು. ಕುಂದಾಪುರಕ್ಕೆ ಹೋದರೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಮನೆಯೊಳಗಿನ ಮಾತೇ ಕುಂದಗನ್ನಡ.

ಹೀಗೆ ಎರಡು ಭಾಷೆ ಬಂದರೆ ಸ್ಕ್ರಿಪ್ಟಿನಲ್ಲಿ ತುಳು ಸಾಲನ್ನು ತುಳುವಿನಲ್ಲೇ ಬರೆದು, ಕೆಳಗೆ ಕನ್ನಡ ಅರ್ಥ ಕೊಡಬೇಕು. ಸಬ್‌ಟೈಟಲ್ ಬರ್ತದೋ ಇಲ್ಲವೋ ಅದನ್ನೂ ಅಲ್ಲೇ ಬರೆಯಬೇಕು. ಇಲ್ಲದಿದ್ದರೆ ಡಬ್ಬಿಂಗಿನಲ್ಲಿ ಎಲ್ಲ ಒಂದೇ ಕನ್ನಡ ಆಗಿಬಿಡ್ತದೆ.

ಸಾಲು_ಸಂಭಾಷಣೆ

ಇಲ್ಲಿಯವರೆಗೆ ಹೇಳಿದ್ದನ್ನು ಕೆಲಸಕ್ಕೆ ಇಳಿಸುವ ಕ್ರಮ ಹೇಳುತ್ತೇನೆ. ಸಂಭಾಷಣೆ ಬರೆಯುವ ಮುಂಚೆ ಪ್ರತಿ ಮುಖ್ಯ ಪಾತ್ರಕ್ಕೂ ಒಂದು ಹಾಳೆ ಮಾಡಿಕೊಳ್ಳಿ. ಅದರಲ್ಲಿ ಜಾತಕ ಬೇಡ, ಇಷ್ಟದ ಬಣ್ಣ ಬೇಡ. ಬೇಕಾದ್ದು ಮಾತಿನ ಲೆಕ್ಕ. ಯಾರನ್ನು ಏನೆಂದು ಕರೆಯುತ್ತಾನೆ: ಹೆಂಡತಿ, ಅಮ್ಮ, ಮೇಲಧಿಕಾರಿ, ಆಟೋದವರು, ಮಗು. ಯಾರಿಗೆ "ನೀನು", ಯಾರಿಗೆ "ನೀವು", ಯಾರನ್ನು ಕರೆಯುವುದನ್ನೇ ತಪ್ಪಿಸಿಕೊಳ್ಳುತ್ತಾನೆ. ಹೊತ್ತು ಹೇಗೆ ಹೇಳುತ್ತಾನೆ: "ಏಳೂವರೆಗೆ" ಅಂತಲೋ, "ದೀಪ ಹಚ್ಚೋ ಹೊತ್ತಿಗೆ" ಅಂತಲೋ. ಪ್ರಶ್ನೆಗೆ ಉತ್ತರ ಕೊಡುತ್ತಾನೋ, ಮರುಪ್ರಶ್ನೆ ಹಾಕುತ್ತಾನೋ. ಸಿಟ್ಟು ಬಂದರೆ ಮಾತು ಉದ್ದವಾಗುತ್ತದೋ ಗಿಡ್ಡವಾಗುತ್ತದೋ. ಕಡೆಯದಾಗಿ, ಅವನು ಎಂದೂ ಬಾಯಿ ಬಿಟ್ಟು ಹೇಳದ ಒಂದು ಮಾತು. ಈ ಕೊನೆಯದು ಸಿಕ್ಕರೆ ಇಡೀ ಚಿತ್ರಕಥೆಗೆ ಬೆನ್ನುಮೂಳೆ ಸಿಕ್ಕಿದ ಹಾಗೆ, ಏಕೆಂದರೆ ಆ ಮಾತನ್ನು ಹೇಳುತ್ತಾನೋ ಇಲ್ಲವೋ ಎಂದು ಕಾಯುವ ಹಾಗೆ ದೃಶ್ಯಗಳನ್ನು ಜೋಡಿಸಬಹುದು.

"ನೀವು"ವಿನಿಂದ "ನೀನು"ವಿಗೆ ಇಳಿಯುವ ಜಾಗವನ್ನು ಹಾಳೆಯಲ್ಲೇ ಗುರುತಿಸಿಡಿ, ಯಾವ ದೃಶ್ಯ, ಎಷ್ಟನೇ ಸಾಲು ಅಂತ. ಕನ್ನಡದಲ್ಲಿ ಇದು ದೊಡ್ಡ ಆಯುಧ. ಎಷ್ಟೋ ಕರಡುಗಳಲ್ಲಿ ಇದು ಗಮನಕ್ಕೇ ಬಾರದೆ ಹಾಳಾಗುತ್ತದೆ: ನಾಲ್ಕನೇ ದೃಶ್ಯದಲ್ಲಿ "ನೀವು", ಐದರಲ್ಲಿ ಕಾರಣವಿಲ್ಲದೆ "ನೀನು", ಆರರಲ್ಲಿ ಮತ್ತೆ "ನೀವು". ಫೈಲಿನಲ್ಲಿ ಈ ಪದಗಳನ್ನು ಹುಡುಕಿದರೆ ಸಾಲದು. ಕ್ರಿಯಾಪದದ ಕೊನೆಯಲ್ಲೂ ಅದು ಇರುತ್ತದೆ, "ಬಂದ್ರಾ", "ಬಂದ್ಯಾ" ಅಂತ. ಆ ಇಬ್ಬರು ಪಾತ್ರಗಳ ದೃಶ್ಯಗಳನ್ನು ಮಾತ್ರ ಬೇರೆ ತೆಗೆದು ಒಂದೇ ಕೂತಿನಲ್ಲಿ ಓದಿದರೆ ಸಿಕ್ಕಿಬೀಳುತ್ತದೆ.

ಇನ್ನು ಪರೀಕ್ಷೆ. ಹತ್ತು ಪುಟ ಪ್ರಿಂಟ್ ತೆಗೆದು ಪಾತ್ರಗಳ ಹೆಸರಿನ ಮೇಲೆ ಪಟ್ಟಿ ಅಂಟಿಸಿ, ಕಥೆ ಗೊತ್ತಿಲ್ಲದವರಿಗೆ ಕೊಡಿ. ಯಾವ ಸಾಲು ಯಾರದ್ದು ಎಂದು ಹೇಳಲಾಗದಿದ್ದರೆ ಇಬ್ಬರು ಪಾತ್ರಗಳು ಒಂದೇ ಬಾಯಲ್ಲಿ ಮಾತಾಡುತ್ತಿದ್ದಾರೆ ಎಂದರ್ಥ. ಹೆಚ್ಚಾಗಿ ಅದು ಬರೆದವರ ಬಾಯಿ. ಪ್ರತಿ ಪಾತ್ರವೂ ಒಂದೇ ಥರ ಚುರುಕಾಗಿ ಮಾತಾಡುವುದನ್ನೇ ಬರಹಗಾರರ ದನಿ ಎಂದು ಹೊಗಳುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಹೊಸಪುಟ

ನಮಸ್ಕಾರ. ಇಲ್ಲಿ ಹೇಳಿದ್ದೆಲ್ಲ ತಿದ್ದುಪಡಿಯ ಹಂತದ್ದು ಅನ್ಸುತ್ತೆ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ತನ್ನ ದನಿ ಯಾವುದು ಅಂತ ಬರೆಯೋರಿಗೆ ಗೊತ್ತಾಗೋದು ಹೇಗೆ? ಇಷ್ಟದ ನಿರ್ದೇಶಕರ ಥರ ಬರೆದು ಬರೆದು ಕಲಿಯಬೇಕಾ?

ಎಡಿಟ್_ಟೇಬಲ್

ಅನುಕರಣೆ ತಪ್ಪಲ್ಲ, ಆದರೆ ಎಲ್ಲರೂ ಅನುಕರಿಸುವುದು ಮೇಲ್ಪದರವನ್ನು: ಹಿಂದುಮುಂದಾದ ಕಾಲ, ಒಡೆದ ಅಧ್ಯಾಯ, ಉದ್ದ ಮೌನ. ಇಷ್ಟದ ಚಿತ್ರದ ಒಂದು ದೃಶ್ಯವನ್ನು ನೋಡುತ್ತಾ ನೀವೇ ಬರಹಕ್ಕಿಳಿಸಿ, ಶಾಟ್‌ನಿಂದ ಶಾಟ್‌ಗೆ, ಕಂಡದ್ದನ್ನು ಮಾತ್ರ. ಮೂರು ನಿಮಿಷದ ದೃಶ್ಯಕ್ಕೆ ಒಂದು ಸಂಜೆ ಬೇಕು. ಅಲ್ಲಿ ಯಾರು ಮೊದಲು ಮಾತಾಡಿದರು, ದೃಶ್ಯದೊಳಗೆ ಎಷ್ಟು ತಡವಾಗಿ ಪ್ರವೇಶ, ಯಾವ ಮಾತಿನ ಮೇಲೆ ಕಟ್ ಆಯಿತು ಎಂದು ಗುರುತಿಸಿ. ಕಲಿಯಬೇಕಾದ್ದು ಆ ತೀರ್ಮಾನಗಳನ್ನು.

ನಿಮ್ಮ ಒಲವು ಯಾವ ಕಡೆ ಎಂದು ತಿಳಿಯಲು ಒಂದೇ ದೃಶ್ಯವನ್ನು ಮೂರು ಕಟ್ಟುಪಾಡಿನಲ್ಲಿ ಬರೆಯಿರಿ. ಮೇಲಿನ ಅಣ್ಣತಮ್ಮಂದಿರದ್ದೇ ಇರಲಿ. ಮೊದಲ ಸಲ ಮಾತೇ ಇಲ್ಲ, ಹನ್ನೆರಡು ಸಾಲು ಮಾತ್ರ. ಎರಡನೇ ಸಲ ಬರೀ ಮಾತು, ಹತ್ತು ಸರದಿ, ಆದರೆ ಪಾಲು, ಆಸ್ತಿ, ಸಹಿ, ಅಪ್ಪ ಎಂಬ ಪದಗಳು ಬರಕೂಡದು. ಮೂರನೇ ಸಲ ದೃಶ್ಯ ಮುಗಿಯಲು ಅರ್ಧ ನಿಮಿಷ ಇರುವಾಗ ಶುರುಮಾಡಿ. ಒಂದೊಂದರ ನಡುವೆ ಎರಡು ದಿನ ಬಿಡಿ, ಹಿಂದಿನದನ್ನು ತೆರೆದು ನೋಡಬೇಡಿ.

ಆಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು, ಮೂರರಲ್ಲೂ ತಾನಾಗಿ ಬಂದದ್ದೇನು ಎಂದು ನೋಡಿ. ಕೆಲವರು ಪ್ರತಿ ಸಲವೂ ವಸ್ತುವಿನ ಮೊರೆ ಹೋಗುತ್ತಾರೆ. ಸಹಿ ಹಾಕಲು ತಮ್ಮ ತಂದ ಪೆನ್ನು ಬರೆಯುವುದಿಲ್ಲ, ಅಣ್ಣ ತನ್ನ ಜೇಬಿನ ಪೆನ್ನು ತೆಗೆದುಕೊಡುತ್ತಾನೆ. ಕೆಲವರಲ್ಲಿ ಮೂರನೆಯವರೊಬ್ಬರು ಬಂದೇ ಬರುತ್ತಾರೆ: ಪಕ್ಕದ ಮನೆಯವರು ಸಕ್ಕರೆ ಕೇಳಿಕೊಂಡು ಬಂದು ನಿಲ್ಲುತ್ತಾರೆ, ಇಬ್ಬರೂ ನಗುಮುಖ ಹಾಕಬೇಕಾಗುತ್ತದೆ. ಇನ್ನು ಕೆಲವರು ಅತ್ತಿಗೆಯನ್ನು ಬಿಟ್ಟು ಕದಲುವುದಿಲ್ಲ, ಜಗಳ ಅಡುಗೆಮನೆಗೆ ಕೇಳಿಸುವಷ್ಟು ಮಾತ್ರ ನಮಗೂ ಕೇಳಿಸುತ್ತದೆ. ಇವು ಮೂರು ಬೇರೆ ಬೇರೆ ಬರಹಗಾರರು. ಯಾರ ದೃಶ್ಯದಲ್ಲೂ ಅಲಂಕಾರ ಇಲ್ಲ. ನಿಮ್ಮ ಕೈ ತಾನಾಗಿ ಯಾವ ಕಡೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಮುಂದಿನ ಕರಡಿನಲ್ಲಿ ಅದನ್ನು ಬೇಕೆಂದೇ ಮಾಡಬಹುದು. ಅತಿಯಾದಲ್ಲಿ ತಡೆಯಲೂಬಹುದು.

ಕ್ಲಾಪ್_ಬೋರ್ಡ್

ಎಡಿಟ್ ಸರ್ ಹೇಳಿದ್ದಕ್ಕೆ ನಮ್ಮ ಇಂಡಸ್ಟ್ರಿಯ ಒಂದು ಅಡ್ಡಿ ಸೇರಿಸ್ಬೇಕು: ನರೇಷನ್. ಇಲ್ಲಿ ಎಷ್ಟೋ ಸಿನಿಮಾ ಓಕೆ ಆಗೋದು ನಿರ್ಮಾಪಕರು, ಹೀರೋ ಎದುರು ಕೂತು ಬಾಯಲ್ಲಿ ಕಥೆ ಹೇಳಿದಾಗ. ಚೆನ್ನಾಗಿ ಕಥೆ ಹೇಳೋರು ದನಿ ಏರಿಸಿ, ನಿಲ್ಲಿಸಿ, ಕೈಯಾಡಿಸಿ ದೃಶ್ಯ ಕಟ್ಟಿಬಿಡ್ತಾರೆ. ಅದರ ಅರ್ಧ ಪುಟದಲ್ಲಿ ಇರೋದೇ ಇಲ್ಲ. ಆಮೇಲೆ ಸಹಾಯಕ ನಿರ್ದೇಶಕರು, ಕಲಾ ವಿಭಾಗ, ಕಾಸ್ಟ್ಯೂಮ್‌ನವರು ಕೆಲಸ ಮಾಡೋದು ಪುಟ ನೋಡ್ಕೊಂಡು. ಅವರಿಗೆ ಸಿಗೋದು "ವಾತಾವರಣ ಬಿಗುವಾಗಿರುತ್ತದೆ".

ಹಾಗಾಗಿ ನರೇಷನ್ ಕೊಡುವಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಎದುರಿಗಿರೋರ ಒಪ್ಪಿಗೆ ಕೇಳಿ, ಇಲ್ಲಾಂದ್ರೆ ಗೆಳೆಯರ ಮುಂದೆ ಹೇಳುವಾಗ. ಪುಟದಲ್ಲಿ ಇಲ್ಲದ್ದು ಬಾಯಲ್ಲಿ ಎಲ್ಲೆಲ್ಲಿ ಬಂತು ಗುರುತು ಹಾಕಿ. ಎಲ್ಲಿ ತಾನಾಗೇ ನಿಲ್ಲಿಸಿದ್ರಿ, ಯಾವ ವಿವರ ಮೊದಲು ಹೇಳಿದ್ರಿ, ಯಾವುದನ್ನ ಹಾರಿಸಿದ್ರಿ. ಬಹಳ ಜನರಿಗೆ ತಮ್ಮ ದನಿ ಬಾಯಲ್ಲಿ ಆಗಲೇ ಇರುತ್ತೆ, ಬರೆಯೋಕೆ ಕೂತಾಗ ಪುಸ್ತಕದ ಕನ್ನಡ ಅದನ್ನ ಮುಚ್ಚಿಬಿಡುತ್ತೆ. ಆ್ಯಕ್ಷನ್ ಸಾಲುಗಳನ್ನ, ಅಂದ್ರೆ ಮಾತಲ್ಲದೆ ಕ್ರಿಯೆ ಹೇಳೋ ಸಾಲುಗಳನ್ನ, "ಕೂಡಲೇ ಧಾವಿಸುತ್ತಾನೆ" ಅನ್ನೋ ಬದಲು "ಓಡುತ್ತಾನೆ" ಅಂತ ಬರೆದ್ರೆ ಯಾರೂ ಕೇಳಲ್ಲ.

ಹೊಸಪುಟ

ತುಂಬಾ ಉಪಯೋಗ ಆಯ್ತು ಸರ್. ಒಂದು ಸಣ್ಣ ಪ್ರಶ್ನೆ, ಟೈಪ್ ಮಾಡೋದು ಯಾವುದರಲ್ಲಿ? ಸಂಭಾಷಣೆಯನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಬೇಗ ಆಗುತ್ತೆ ಅಂತ ಕೆಲವರು ಹೇಳ್ತಾರೆ.

ಸಾಲು_ಸಂಭಾಷಣೆ

ಬೇಡ. ಇಂಗ್ಲಿಷ್ ಅಕ್ಷರದಲ್ಲಿ ಸಾಮಾನ್ಯವಾಗಿ ಟೈಪ್ ಮಾಡುವಾಗ ಲ-ಳ, ನ-ಣ, ಹ್ರಸ್ವ-ದೀರ್ಘ ಎಲ್ಲ ಕಲಸಿಹೋಗುತ್ತವೆ. ಮೇಲೆ ಮಲಪ್ರಭಾ ಅವರು ಹೇಳಿದ ಸೂಕ್ಷ್ಮಗಳು ಮೊದಲು ಸಾಯುವುದು ಅಲ್ಲೇ. ಹೊರರಾಜ್ಯದ ನಟರಿಗೆ ಬೇಕಾದರೆ ಅವರ ಸಾಲುಗಳನ್ನು ಮಾತ್ರ ಕೊನೆಯಲ್ಲಿ ಬೇರೆ ಪ್ರತಿ ಮಾಡಿಕೊಡಿ.

ಕರಡು_ಮೂರು

ಟೈಪಿಂಗ್ ಬಗ್ಗೆ ಪೂರ್ತಿ ಹೇಳ್ಬಿಡ್ತೀನಿ. 'ನುಡಿ', 'ಬರಹ' ತಂತ್ರಾಂಶಗಳ ಹಳೆ ಫಾಂಟಿನ ಫೈಲುಗಳಿದ್ರೆ ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಬದಲಿಸಿ. ಇಲ್ಲಾಂದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ, ಪದ ಹುಡುಕೋದೂ ಆಗಲ್ಲ.

ಫೌಂಟನ್ ಅನ್ನೋ ಸರಳ ಪಠ್ಯದ ಕ್ರಮದಲ್ಲಿ ಬರೆದ್ರೆ ಯಾವ ಟೆಕ್ಸ್ಟ್ ಎಡಿಟರ್ ಆದ್ರೂ ನಡೆಯುತ್ತೆ. ಒಂದು ತೊಡಕು: ಅದು ಪಾತ್ರದ ಹೆಸರನ್ನ ಇಂಗ್ಲಿಷ್ ದೊಡ್ಡಕ್ಷರದಿಂದ ಗುರುತಿಸುತ್ತೆ, ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ. ಹಾಗಾಗಿ ಹೆಸರಿನ ಮೊದಲಿಗೆ @ ಚಿಹ್ನೆ ಹಾಕಿ, '@ಶಿವಣ್ಣ' ಅಂತ. ಅದರ ಮೇಲೆ ಒಂದು ಖಾಲಿ ಸಾಲು ಇರಬೇಕು, ಕೆಳಗೆ ಖಾಲಿ ಬಿಡದೆ ಮಾತು ಶುರುವಾಗಬೇಕು. ದೃಶ್ಯದ ತಲೆಸಾಲಿನ ಮೊದಲಿಗೆ ಒಂದು ಚುಕ್ಕೆ, '.ಪಡಸಾಲೆ. ಬೆಳಿಗ್ಗೆ' ಅಂತ. ಆ್ಯಕ್ಷನ್ ಸಾಲನ್ನ ಆ್ಯಪ್ ತಪ್ಪು ತಿಳ್ಕೊಂಡ್ರೆ ಆ ಸಾಲಿನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ.

ಒಂದು ಪುಟ ಅಂದ್ರೆ ಒಂದು ನಿಮಿಷ ಅನ್ನೋ ಲೆಕ್ಕ 12 ಪಾಯಿಂಟಿನ ಕೊರಿಯರ್ ಫಾಂಟಿಗೆ ಹುಟ್ಟಿದ್ದು. ಕೊರಿಯರ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಸಾಫ್ಟ್‌ವೇರ್ ಬೇರೆ ಫಾಂಟ್ ತಂದು ಹಾಕುತ್ತೆ. ನಮ್ಮ ಅಕ್ಷರಗಳ ಅಗಲವೂ ಒಂದೇ ಸಮ ಇರಲ್ಲ, ಒತ್ತಕ್ಷರಕ್ಕೆ ಸಾಲಿನ ಎತ್ತರವೂ ಹೆಚ್ಚು ಬೇಕು. ಪುಟ ನೋಡಿ ಅವಧಿ ಹೇಳಬೇಡಿ. ಸ್ಟಾಪ್‌ವಾಚ್ ಹಿಡಿದು ಸಂಭಾಷಣೆಯನ್ನ ಗಟ್ಟಿಯಾಗಿ ಓದಿ, ಆ್ಯಕ್ಷನ್ ಸಾಲು ಬಂದಾಗ ಆ ಕೆಲಸ ಮಾಡೋಕೆ ಎಷ್ಟು ಹೊತ್ತೋ ಅಷ್ಟು ಹೊತ್ತು ನಿಲ್ಲಿ. ಮೇಲಿನ ಪಡಸಾಲೆ ದೃಶ್ಯದಲ್ಲಿ ಮಾತು ಐದಾರು ಸೆಕೆಂಡು ಇರಬಹುದು. ಕುರ್ಚಿ ಬರೋದ್ರೊಳಗೆ ಮುಕ್ಕಾಲು ನಿಮಿಷ ದಾಟಬಹುದು.

ಪಿಡಿಎಫ್ ಕಳಿಸೋ ಮುಂಚೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆದು ಒತ್ತಕ್ಷರ ಸರಿಯಾಗಿ ಕೂತಿದೆಯಾ ನೋಡಿ. ಕೆಲವು ಆ್ಯಪ್‌ಗಳು ಪಿಡಿಎಫ್ ಮಾಡುವಾಗ "ಅಣ್ಣ"ನ ಒತ್ತನ್ನ ಬಿಡಿಸಿ ಪಕ್ಕಕ್ಕೆ ಇಟ್ಟುಬಿಡುತ್ತವೆ. ಹಾಗಾದ್ರೆ ಪಠ್ಯವನ್ನ ವರ್ಡ್‌ಗೋ ಲಿಬ್ರೆ ಆಫೀಸ್‌ಗೋ ತಂದು ಅಲ್ಲಿಂದ ಪಿಡಿಎಫ್ ಮಾಡಿ.